ಕಾಟಿಯ ಕಂಚಿನ ಎರಕ: ಮೇಣ ಎಷ್ಟು ದಪ್ಪ, ಮಳೆಗಾಲದಲ್ಲಿ ಆಗುತ್ತದೆಯೇ?

ತೋಟದಂಚು (ವಿರಾಜಪೇಟೆ ಕಡೆ):
ಜೇಡಿಮಣ್ಣಿನ ಕಾಟಿ (ಕಾಡುಕೋಣ) ಸಿದ್ಧವಿದೆ. ಮೂತಿಯಿಂದ ಬಾಲಕ್ಕೆ 14 ಇಂಚು. ಕಂಚಿನಲ್ಲಿ ಹೊಯ್ಯಿಸಿ ಗೇಟಿನ ಪಕ್ಕ ಬಯಲಲ್ಲೇ ಇಡಬೇಕು. ಮೇಣದ ರೂಪದ ಮೇಲೆ ಅಚ್ಚು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುವ ಪದ್ಧತಿಯಲ್ಲಿ ಮೇಣ ಎಷ್ಟು ದಪ್ಪ? ಕಂಚು ಎಷ್ಟು ಬೇಕು? ಅಟ್ಟದ ಹಿತ್ತಾಳೆ ಪಾತ್ರೆ ಕರಗಿಸಬಹುದೇ? ಜೂನ್‌ನಲ್ಲಿ ಅಚ್ಚು ಒಣಗುತ್ತದೆಯೇ?

ಮೇಣದಚ್ಚು:
ಘನ ಎರಕ ಬೇಡ. ತಮಿಳುನಾಡಿನ ಸ್ವಾಮಿಮಲೆಯ ವಿಗ್ರಹಗಳು ಘನವೇ, ನಿಜ. ಆದರೆ ಕಾಟಿಯ ಭುಜ ಗುಡಾಣ, ಕಾಲು ಕಡ್ಡಿ. ಭುಜ ಕೊನೆಗೆ ಗಟ್ಟಿಯಾಗುತ್ತದೆ. ಕುಗ್ಗುವಾಗ ತುಂಬಿಕೊಳ್ಳಲು ಲೋಹ ಸಿಗದೆ ಅಲ್ಲೇ ಕುಳಿ ಬೀಳುತ್ತದೆ. ಟೊಳ್ಳು ಮಾಡಿ, ಮೇಣ 4–5 ಮಿ.ಮೀ., ಎಲ್ಲೆಡೆ ಒಂದೇ ಸಮ. ಒಳತಿರುಳನ್ನು (ಟೊಳ್ಳು ಉಳಿಸಲು ಮೇಣದೊಳಗೆ ತುಂಬುವ ಅಚ್ಚುಮಣ್ಣು) ಮೊಳೆ ಚುಚ್ಚಿ ಹಿಡಿದಿಡಿ, ಇಲ್ಲದಿದ್ದರೆ ಮೇಣ ಕರಗಿದ ಮೇಲೆ ಅದು ವಾಲಿ ಗೋಡೆಯಲ್ಲಿ ತೂತು ಬೀಳುತ್ತದೆ. ಕೊಂಬಿನ ತುದಿಗೆ ಲೋಹ ಮುಟ್ಟುವ ಮೊದಲೇ ತಣಿದು ಮೊಂಡಾಗುವುದುಂಟು. ಕೊಂಬನ್ನು ಬೇರೆ ಹೊಯ್ದು ಬೆಸೆಯುವುದೇ ನಿಶ್ಚಿಂತೆ.

ಲೋಹ ಇಳಿಯುವ ಕಾಲುವೆಗಳ ಸಮೇತ ಮೇಣ ತೂಗಿ, ಹತ್ತರಿಂದ ಗುಣಿಸಿ. 1.2 ಕೆ.ಜಿ. ಮೇಣಕ್ಕೆ 12 ಕೆ.ಜಿ. ಕಂಚು. ತಾಮ್ರ 90, ತವರ 10. ಹಿತ್ತಾಳೆಯನ್ನು ಅಟ್ಟದಲ್ಲೇ ಬಿಡಿ: ಅದರಲ್ಲಿರುವ ಸತು 907 ಡಿಗ್ರಿಗೇ ಕುದಿಯುವಂಥದ್ದು, ಕಂಚು ಹೊಯ್ಯುವುದು 1,100ರ ಆಸುಪಾಸಿನಲ್ಲಿ. ಆ ಬಿಳಿ ಹೊಗೆ ಕುಡಿದರೆ ಚಳಿಜ್ವರ ಖಾತ್ರಿ.

ಮೂಸೆ:
ಜೂನ್ ಬೇಡವೇ ಬೇಡ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಲೋಹ ಬಿದ್ದ ಕ್ಷಣವೇ ಹಬೆ. ಅದೃಷ್ಟವಿದ್ದರೆ ಸೂಜಿತೂತುಗಳಷ್ಟೇ, ಇಲ್ಲದಿದ್ದರೆ ಕಂಚೇ ಮೇಲಕ್ಕೆ ಚಿಮ್ಮುತ್ತದೆ. ಏಪ್ರಿಲ್ ಒಳಗೆ ಮುಗಿಸಿ. ಗೂಡಿನಲ್ಲಿ 100–150 ಡಿಗ್ರಿಯಲ್ಲಿ ಸಾವಕಾಶ ನೀರು ಹೋಗಲಿ, ಆಮೇಲೆ 600ಕ್ಕೆ ಏರಿಸಿ.

ಸ್ವಾಮಿಮಲೆಯವರದು ಕಾವೇರಿಯ ಮೆಕ್ಕಲು ಎಂದು ಭಾಗಮಂಡಲದಿಂದ ಮಣ್ಣು ತರಲು ಹೋಗಬೇಡಿ. ಅಷ್ಟು ದೂರ ಹರಿದ ಮೇಲಿನ ನಯ ಇಲ್ಲಿಯದಕ್ಕೆಲ್ಲಿ!

ತೋಟದಂಚು:
ಕೊಂಬು ಬೆಸೆದರೆ ಗೆರೆ ಕಾಣುವುದಿಲ್ಲವೇ ಸರ್?

ಮೇಣದಚ್ಚು:
ಅದೇ ಕಂಚಿನ ಕಡ್ಡಿಯಿಂದ ಬೆಸೆದು ಅರ ಹಾಕಿದರೆ ಕಾಣದು. ಬೇರೆ ಲೋಹದ್ದಾದರೆ, ಬಣ್ಣ ಹಿಡಿಸುವಾಗ ಉಂಗುರದ ಹಾಗೆ ಎದ್ದು ಕಾಣುತ್ತದೆ.

ಹಸಿರುಕಿಲುಬು:
ಬಯಲಲ್ಲಿಡುವುದಾದರೆ ಒಳತಿರುಳನ್ನು ಪೂರ್ತಿ ಕೆರೆದು ತೆಗೆಸಿ. ಉಳಿದದ್ದು ಮಳೆನೀರು ಹೀರಿ ತಿಂಗಳುಗಟ್ಟಲೆ ಜಿನುಗುತ್ತದೆ. ಕಬ್ಬಿಣದ ಮೊಳೆ ಬಿಟ್ಟರೆ ಪಕ್ಕೆಯ ಮೇಲೆ ತುಕ್ಕಿನ ಗೆರೆ. ನೀರು ಇಳಿಯಲು ಹೊಟ್ಟೆಯಡಿ 6 ಮಿ.ಮೀ. ತೂತು ಇರಲಿ. ಕಪ್ಪುಗಂದಿಗೆ ಬೆಚ್ಚಗಿನ ಮೈಗೆ ತೆಳು ಲಿವರ್ ಆಫ್ ಸಲ್ಫರ್ (ಕಂಚನ್ನು ಕಪ್ಪಾಗಿಸುವ ಗಂಧಕದ ದ್ರಾವಣ) ಹಲವು ಸಲ ಹಚ್ಚಿ. ಒಂದೇ ಸಲ ಗಟ್ಟಿಯಾಗಿ ಬಳಿದರೆ ಹಕ್ಕಳೆಯೇಳುತ್ತದೆ. ಮೊಣಕಾಲ ಕೆಳಗೆ ಉಜ್ಜಿ ತಿಳಿಯಾಗಿಸಿದರೆ ಕಾಟಿಯ ಬಿಳಿ ಕಾಲುಚೀಲ ಬಂದೀತು. ಮೇಲೆ ಮೇಣದ ಪಾಲಿಶ್, ಮೇ ಕೊನೆಗೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ.

ಅಂದಹಾಗೆ, ಬೆನ್ನಿನ ದಿಣ್ಣೆ ನಡುಬೆನ್ನಿಗೇ ತಟ್ಟನೆ ಇಳಿಯಬೇಕು. ಬಾಲದವರೆಗೆ ಎಳೆದಿದ್ದರೆ ಮಣ್ಣಲ್ಲೇ ತಿದ್ದಿಬಿಡಿ.