ಮೈಲುತುತ್ತ ರಾತ್ರಿಯಿಡೀ ನೆನೆದರೂ ತಳದಲ್ಲಿ ಉಳಿಯುವುದೇಕೆ?

ಪ್ರಶ್ನೆ (ಸೋಮವಾರಪೇಟೆ ಕಡೆಯ ಬೆಳೆಗಾರ):
ಕಾಳುಮೆಣಸಿನ ಬಳ್ಳಿಗೆ ಮಳೆಗಾಲಕ್ಕೆ ಮುನ್ನ ಹೊಡೆಯಲೆಂದು 100 ಲೀಟರ್ ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ತಯಾರಿಸಬೇಕಿತ್ತು. ಪ್ಲಾಸ್ಟಿಕ್ ಡ್ರಮ್ಮಿನ 50 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತವನ್ನು ರಾತ್ರಿಯೇ ಸುರಿದಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮೇಲಿನ ನೀರು ತಿಳಿನೀಲಿಯಾಗಿತ್ತು. ತಳದಲ್ಲಿ ಕಡುನೀಲಿ ಪದರ, ಅದರಡಿ ಕರಗದ ಹರಳು. ನೀರು ಸಾಲದೇ ಹೋಯಿತೇ? ಒಂಬತ್ತನೇ ತರಗತಿಯ ಮಗಳು, ಬೋರ್ಡೋ ಎಂಬುದು ದ್ರಾವಣವೇ ಅಲ್ಲ ಎನ್ನುತ್ತಾಳೆ. ಅದು ನಿಜವೇ?

ಉತ್ತರ (ವಿಜ್ಞಾನ ಶಿಕ್ಷಕಿ, ವಿರಾಜಪೇಟೆ):
ನೀರು ಖಂಡಿತ ಸಾಲುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 320 ಗ್ರಾಂ ಮೈಲುತುತ್ತವನ್ನು ಕರಗಿಸಬಲ್ಲದು. ತಾವು ಹಾಕಿದ್ದು ಲೀಟರಿಗೆ 20 ಗ್ರಾಂ ಮಾತ್ರ. ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ತುದಿ ತುಸು ಋಣ, ಹೈಡ್ರೋಜನ್ ಇರುವ ತುದಿ ತುಸು ಧನ. ಆದ್ದರಿಂದ ಹರಳಿನ ಮೈಯಲ್ಲಿರುವ ತಾಮ್ರದ ಅಯಾನನ್ನು (ವಿದ್ಯುದಂಶ ಹೊತ್ತ ಕಣವನ್ನು) ಒಂದು ತುದಿಯೂ ಸಲ್ಫೇಟನ್ನು ಇನ್ನೊಂದು ತುದಿಯೂ ಸೆಳೆದು, ಸುತ್ತುವರಿದು, ಬಿಡಿಸಿಕೊಂಡು ಹೋಗುತ್ತವೆ. ಹೀಗಾದ ದ್ರಾವಣ ಬರಿಯ ನೀರಿಗಿಂತ ಭಾರ. ಅಲುಗಾಡಿಸದಿದ್ದರೆ ಅದು ಹರಳಿನ ಸುತ್ತಲೇ ನಿಂತು ಬೇಗ ಸಂತೃಪ್ತವಾಗುತ್ತದೆ (ಅಂದರೆ ಇನ್ನಷ್ಟು ಕರಗಿಸಿಕೊಳ್ಳಲಾರದು), ಮೇಲಿನ ಹೊಸ ನೀರು ಹರಳನ್ನು ಮುಟ್ಟುವುದೇ ಇಲ್ಲ. ಕಣಗಳು ತಾವಾಗಿ ಹರಡಿಕೊಳ್ಳುತ್ತವೆ, ಆದರೆ ಬಹಳ ನಿಧಾನವಾಗಿ.

ತಮ್ಮ ಮಗಳು ಹೇಳಿದ್ದು ಸರಿ, ಆಕೆಗೆ ನನ್ನ ಮೆಚ್ಚುಗೆ ತಿಳಿಸಿ. ಸುಣ್ಣ ಲೀಟರ್ ನೀರಿನಲ್ಲಿ ಎರಡು ಗ್ರಾಂ ಕೂಡ ಕರಗದು. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ ಕರಗುತ್ತದೆ. ಸುಣ್ಣದ ಹಾಲಿಗೆ ಮೈಲುತುತ್ತದ ದ್ರಾವಣ ಬೆರೆತಾಗ ತಾಮ್ರವು ಕರಗದ ನೀಲಿ ಕಣಗಳಾಗಿ ಬೇರ್ಪಡುತ್ತದೆ. ಆ ಕಣಗಳು ತೇಲಾಡುವ ಬೋರ್ಡೋ ಒಂದು ನಿಲಂಬನ, ದ್ರಾವಣವಲ್ಲ.

ಉತ್ತರ (ಪೊನ್ನಂಪೇಟೆಯ ತೋಟದವರು):
ನಮ್ಮಲ್ಲಿ ಮೈಲುತುತ್ತವನ್ನು ಗೋಣಿತುಂಡಿನಲ್ಲಿ ಕಟ್ಟಿ, ಡ್ರಮ್ಮಿನ ಬಾಯಿಗೆ ಅಡ್ಡವಿಟ್ಟ ಕೋಲಿನಿಂದ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡುತ್ತೇವೆ. ಗಂಟಿನಿಂದ ನೀಲಿ ಎಳೆಗಳು ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಶಿಕ್ಷಕಿಯವರು ಹೇಳಿದ ಭಾರವೇ ಇಲ್ಲಿ ನೆರವಿಗೆ ಬರುತ್ತದೆ. ಬೆರೆಸಿದ ಮೇಲೆ ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿಗೆ ಕೆಂಪು ತಾಮ್ರ ಅಂಟಿದರೆ ಸುಣ್ಣ ಸಾಲದೆಂದರ್ಥ, ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ. ಕಬ್ಬಿಣದ ಪಾತ್ರೆಯನ್ನಂತೂ ಬಳಸಲೇಬೇಡಿ.

ಪ್ರಶ್ನೆ ಕೇಳಿದವರು:
ಗಂಟು ಕಟ್ಟಿ ನೋಡಿದೆ, ಒಂದು ಹರಳೂ ಉಳಿಯಲಿಲ್ಲ. ತಮ್ಮಿಬ್ಬರಿಗೂ ವಂದನೆಗಳು. ಮಿಕ್ಕ ಬೋರ್ಡೋವನ್ನು ನಾಳೆಗೆ ಇಡಬಹುದೇ?

ಉತ್ತರ (ವಿಜ್ಞಾನ ಶಿಕ್ಷಕಿ, ವಿರಾಜಪೇಟೆ):
ಬೇಡ. ಹೊತ್ತು ಕಳೆದಂತೆ ಕಣಗಳು ದಪ್ಪವಾಗಿ ತಳಕ್ಕಿಳಿಯುತ್ತವೆ, ಎಲೆಗೆ ಚೆನ್ನಾಗಿ ಅಂಟುವುದಿಲ್ಲ. ಇಂದೇ ಹೊಡೆದು ಮುಗಿಸಿ.