ಅತ್ತೆಗೆ ಉತ್ತರ: ಪಿಡಿಎಫ್, ಫೋಟೋ, ಆಮೇಲೆ ಆ ಹಸಿರು ಬಟನ್

ಅತ್ತೆ, ನೀವು ಬೆಳಗ್ಗೆ ಗ್ರೂಪಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಅರ್ಜಿಗೆ ನಾಲ್ಕು ಪಿಡಿಎಫ್ ಸೇರಿಸಿ ಒಂದೇ ಮಾಡಬೇಕು, ಫೋಟೋ 200 ಕೆಬಿ ಒಳಗಿರಬೇಕು, ಯಾವ ಸಾಫ್ಟ್‌ವೇರ್ ಹಾಕಲಿ ಅಂತ. ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ. ಯಾವುದೋ ಸೈಟಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದ ಮೇಲೆ ಲ್ಯಾಪ್‌ಟಾಪ್ ನಿಧಾನ ಆಗಿದೆ ಅಂತ. ಮೂರಕ್ಕೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಮೊದಲು ಫೋಟೋ. ಅದಕ್ಕೆ ಏನನ್ನೂ ಇನ್‌ಸ್ಟಾಲ್ ಮಾಡೋದು ಬೇಡ. ಬ್ರೌಸರಲ್ಲಿ ಸ್ಕ್ವೂಶ್ ಡಾಟ್ ಆ್ಯಪ್ ಅಂತ ತೆರೆಯಿರಿ. ಗೂಗಲ್ ಕ್ರೋಮ್ ತಂಡದವರು ಮಾಡಿದ್ದು, ಪುಕ್ಕಟೆ. ಫೋಟೋ ಎಳೆದು ಅದರ ಮೇಲೆ ಬಿಡಿ. ನಡುವೆ ಒಂದು ಗೆರೆ ಬರುತ್ತದೆ. ಎಡಗಡೆ ಹಳೇ ಫೋಟೋ, ಬಲಗಡೆ ಹೊಸದು. ಗೆರೆಯನ್ನು ಆಚೆ ಈಚೆ ಎಳೆದು ಮುಖ ಎಲ್ಲಿ ಮಸುಕಾಗಿದೆ ಅಂತ ಕಣ್ಣಾರೆ ನೋಡಬಹುದು. ಕೆಳಗೆ ಹೊಸ ಸೈಜ್ ಎಷ್ಟು ಅಂತ ತೋರಿಸುತ್ತಾ ಇರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕ್ವಾಲಿಟಿ ಅನ್ನುವುದನ್ನು ಮಾತ್ರ ಇಳಿಸುತ್ತಾ ಹೋಗುತ್ತಾರೆ, ಫೋಟೋ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಮೊದಲು ಇಳಿಸಬೇಕಾದ್ದು ಅಗಲ. ಫೋನಲ್ಲಿ ತೆಗೆದ ಫೋಟೋ 4000 ಪಿಕ್ಸೆಲ್ ಅಗಲ, 3000 ಎತ್ತರ ಇದೆ ಅಂದುಕೊಳ್ಳಿ. ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ರೀಸೈಜ್ ಆನ್ ಮಾಡಿ ಅಗಲ 1000 ಅಂತ ಹಾಕಿದರೆ ಎತ್ತರ ತಾನೇ 750 ಆಗುತ್ತದೆ, ಚುಕ್ಕಿಗಳು ಏಳೂವರೆ ಲಕ್ಷಕ್ಕೆ ಇಳಿಯುತ್ತವೆ. ಹದಿನಾರರಲ್ಲಿ ಒಂದು ಪಾಲು! ಆಮೇಲೆ ಕ್ವಾಲಿಟಿ 75ರ ಹತ್ತಿರ ಇಟ್ಟರೂ ಸಾಮಾನ್ಯವಾಗಿ 200 ಕೆಬಿ ಒಳಗೆ ಬಂದುಬಿಡುತ್ತದೆ, ಮುಖವೂ ಚೆನ್ನಾಗಿ ಕಾಣುತ್ತದೆ.

ನನಗೆ ಸ್ಕ್ವೂಶ್ ಇಷ್ಟ ಆಗೋದಕ್ಕೆ ಇನ್ನೊಂದು ಕಾರಣ ಇದೆ. ನೋಡೋಕೆ ಅದು ವೆಬ್‌ಸೈಟ್, ಆದರೆ ಕೆಲಸ ನಡೆಯೋದು ನಿಮ್ಮ ಕಂಪ್ಯೂಟರ್ ಒಳಗೇ. ಫೋಟೋ ಎಲ್ಲೂ ಅಪ್‌ಲೋಡ್ ಆಗುವುದಿಲ್ಲ. ಪೇಜ್ ಪೂರ್ತಿ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ ಒಂದು ಫೋಟೋ ಹಾಕಿ ನೋಡಿ, ಆಗಲೂ ಕೆಲಸ ಮಾಡುತ್ತದೆ. ಫೋಟೋದಲ್ಲಿ ಜಾಸ್ತಿ ತಿದ್ದುವ ಕೆಲಸ ಇದ್ದರೆ ಫೋಟೋಪಿಯಾ ಅಂತ ಇದೆ, ಅದೂ ಹೀಗೇ ಬ್ರೌಸರ್ ಒಳಗೇ ನಡೆಯುತ್ತದೆ. ಫೋಟೋಶಾಪ್ ಫೈಲ್ ಕೂಡ ತೆರೆಯುತ್ತದೆ.

ಈಗ ಪಿಡಿಎಫ್. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿಮ್ಮ ನಾಲ್ಕು ಫೈಲಲ್ಲಿ ಸಹಿ ಇದೆ, ಜನ್ಮದಿನಾಂಕ ಇದೆ, ಬ್ಯಾಂಕ್ ಖಾತೆ ನಂಬರ್ ಇದೆ ಅಲ್ವಾ? ಅವನ್ನು ಕಂಡ ಕಂಡ ಸೈಟಿಗೆ ಅಪ್‌ಲೋಡ್ ಮಾಡಬೇಡಿ. ನಾನೂ ಒಮ್ಮೆ ಅವಸರದಲ್ಲಿ ಹಾಗೆ ಮಾಡಿದ್ದೆ. ಸೇರಿಸಿ ಕೊಟ್ಟಿತು, ಆದರೆ ಇಳಿಸಿಕೊಳ್ಳುವ ಹೊತ್ತಿಗೆ ದುಡ್ಡು ಕೇಳಿತು. ಫೈಲ್ ಅಳಿಸುವ ದಾರಿ ಎಲ್ಲೂ ಕಾಣಲಿಲ್ಲ. ಆ ಕಾಗದಗಳು ಈಗ ಎಲ್ಲಿವೆ ಅನ್ನೋ ಕಳವಳ ಇವತ್ತಿಗೂ ಇದೆ.

ಅದಕ್ಕೆ ಪಿಡಿಎಫ್‌ಸ್ಯಾಮ್ ಬೇಸಿಕ್ ಹಾಕಿಕೊಳ್ಳಿ. ಸೇರಿಸೋದು, ಬಿಡಿಸೋದು, ತಲೆಕೆಳಗಾದ ಪುಟ ತಿರುಗಿಸೋದು, ಎಲ್ಲಾ ನಿಮ್ಮ ಕಂಪ್ಯೂಟರಲ್ಲೇ ಆಗುತ್ತದೆ. ಬೇಸಿಕ್ ಅನ್ನುವುದನ್ನೇ ಆರಿಸಿ, ಅದೇ ಉಚಿತ. ತೆರೆದು ಮರ್ಜ್ ಒತ್ತಿ, ನಾಲ್ಕು ಫೈಲ್ ಎಳೆದು ಹಾಕಿ, ಬೇಕಾದ ಕ್ರಮದಲ್ಲಿ ಮೇಲೆ ಕೆಳಗೆ ಮಾಡಿ, ರನ್. ಅಷ್ಟೇ. ಮ್ಯಾಕ್ ಇರೋರಿಗೆ ಇದೂ ಬೇಡ, ಪ್ರಿವ್ಯೂನಲ್ಲೇ ಪಕ್ಕದ ಸಣ್ಣ ಪುಟಗಳನ್ನು ಒಂದು ಫೈಲಿಂದ ಇನ್ನೊಂದಕ್ಕೆ ಎಳೆದರೆ ಆಯಿತು.

ಇನ್ನೊಂದು ಮಾತು, ಇದು ಎಲ್ಲರಿಗೂ. ಪಿಡಿಎಫಲ್ಲಿ ಖಾತೆ ನಂಬರ್ ಮೇಲೆ ಕಪ್ಪು ಡಬ್ಬಿ ಎಳೆದು ಮುಚ್ಚಿದೆ ಅಂತ ಧೈರ್ಯವಾಗಿ ಕಳಿಸಬೇಡಿ. ಅಕ್ಷರಗಳು ಡಬ್ಬಿಯ ಕೆಳಗೆ ಹಾಗೇ ಇರುತ್ತವೆ. ಕಂಟ್ರೋಲ್ ಎ ಒತ್ತಿ ಕಾಪಿ ಮಾಡಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ ನೋಡಿ, ಎಷ್ಟೋ ಸಲ ನಂಬರ್ ಪೂರ್ತಿ ಬಂದುಬಿಡುತ್ತದೆ. ಮುಚ್ಚಿದ ಮೇಲೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನು ಕಳಿಸಿ. ಚಿತ್ರದಲ್ಲಿ ಕೆಳಗೆ ಏನೂ ಉಳಿದಿರುವುದಿಲ್ಲ.

ಸ್ಕ್ರೀನ್‌ಶಾಟಿಗೆ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರೂ ಒಟ್ಟಿಗೆ ಒತ್ತಿ. ಬೇಕಾದಷ್ಟೇ ಜಾಗ ಎಳೆದು ಕತ್ತರಿಸಬಹುದು. ಚಿಕ್ಕಪ್ಪ, ನೀವು ಪ್ರತಿ ಸಲ ಫೋನಲ್ಲಿ ಪರದೆಯ ಫೋಟೋ ತೆಗೆದು ಕಳಿಸುತ್ತೀರಿ, ಗೆರೆ ಗೆರೆ ಬಂದು ಓದೋಕೆ ಕಷ್ಟ ಆಗುತ್ತದೆ. ಇದನ್ನು ಒಂದು ಸಲ ಮಾಡಿ ನೋಡಿ, ಕೈಗೆ ಕೂತುಬಿಡುತ್ತದೆ.

ಹಾಗೆಯೇ ವಿಂಡೋಸ್ ಕೀ ಜೊತೆ ವಿ. ನನ್ನ ಪ್ರಕಾರ ಕಂಪ್ಯೂಟರಲ್ಲಿ ಈಗಾಗಲೇ ಇದ್ದೂ ಯಾರೂ ಬಳಸದ ಒಳ್ಳೆ ಸೌಲಭ್ಯ ಇದು. 2018ರಿಂದ ವಿಂಡೋಸ್ 10ರಲ್ಲೇ ಇದೆ. ಮೊದಲ ಸಲ ಆನ್ ಮಾಡಲೇ ಅಂತ ಕೇಳುತ್ತದೆ, ಹೂಂ ಅನ್ನಿ. ಆಮೇಲೆ ನೀವು ಕಾಪಿ ಮಾಡಿದ ಕೊನೆಯ 25 ಸಂಗತಿಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಫಾರ್ಮ್ ತುಂಬುವಾಗ ವಿಳಾಸ, ನಂಬರ್ ಪದೇ ಪದೇ ಹುಡುಕಬೇಕಿಲ್ಲ. ಪಾಸ್‌ವರ್ಡ್ ಕಾಪಿ ಮಾಡಿದರೆ ಅದೂ ಅಲ್ಲೇ ಕೂತಿರಬಹುದು, ಕೆಲಸ ಮುಗಿದ ಮೇಲೆ ಅಳಿಸಿ. ಬೇರೆಯವರೂ ಬಳಸುವ ಕಂಪ್ಯೂಟರ್ ಆದರೆ ಇದನ್ನು ಆನ್ ಮಾಡಲೇಬೇಡಿ.

ಫೈಲ್ ಎಲ್ಲಿಟ್ಟೆ ಅಂತ ಮರೆಯುವವರಿಗೆ ಎವೆರಿಥಿಂಗ್ ಅನ್ನೋ ಸಣ್ಣ ಸಾಫ್ಟ್‌ವೇರ್ ಇದೆ, ವಾಯ್ಡ್‌ಟೂಲ್ಸ್ ಅವರದ್ದು. ಹೆಸರಿನ ಎರಡು ಅಕ್ಷರ ಹೊಡೆಯುವಷ್ಟರಲ್ಲಿ ಪಟ್ಟಿ ಮುಂದೆ ಬರುತ್ತದೆ. ಡಿಸ್ಕಿನಲ್ಲಿ ಎಲ್ಲಾ ಫೈಲುಗಳ ಹೆಸರಿನ ಒಂದು ಪಟ್ಟಿ ಮೊದಲೇ ಇರುತ್ತದೆ, ಇದು ನೇರ ಅದನ್ನೇ ಓದುತ್ತದೆ. ಒಂದೊಂದೇ ಫೋಲ್ಡರ್ ತೆರೆದು ಹುಡುಕುತ್ತಾ ಕೂರುವುದಿಲ್ಲ, ಅದಕ್ಕೇ ಆ ವೇಗ. ಆದರೆ ಸಾಮಾನ್ಯವಾಗಿ ಹುಡುಕೋದು ಹೆಸರಲ್ಲಿ ಮಾತ್ರ. ಹಾಗಾಗಿ ಸ್ಕ್ಯಾನ್ ಮಾಡಿದ ಫೈಲಿಗೆ ಸುಮ್ನೆ ಸ್ಕ್ಯಾನ್ 1, ಸ್ಕ್ಯಾನ್ 2 ಅಂತ ಬಿಡಬೇಡಿ, ಗುರುತು ಸಿಗುವ ಹೆಸರು ಕೊಡಿ.

ಕೊನೆಗೆ ಆ ಹಸಿರು ಬಟನ್. ಅತ್ತೆ, ಅದು ಜಾಹೀರಾತು ಇದ್ದಿರಬೇಕು. ನಿಜವಾದ ಲಿಂಕ್ ಅದರ ಕೆಳಗೆ ಸಣ್ಣದಾಗಿ ಇರುತ್ತದೆ, ಹೊಸಬರು ದೊಡ್ಡದನ್ನೇ ಒತ್ತುತ್ತಾರೆ. ನಿಮ್ಮ ತಪ್ಪಲ್ಲ, ಒತ್ತಲಿ ಅಂತಲೇ ಹಾಗೆ ಮಾಡಿರುತ್ತಾರೆ. ಇನ್ನು ಮುಂದೆ ವಿಎಲ್‌ಸಿ, 7-ಜಿಪ್, ಲಿಬ್ರೆ ಆಫೀಸ್, ಎವೆರಿಥಿಂಗ್ ಇಂಥವು ಬೇಕಾದಾಗ ನೈನೈಟ್ ಅನ್ನೋ ಸೈಟಿಗೆ ಹೋಗಿ. ಬೇಕಾದ್ದಕ್ಕೆ ಟಿಕ್ ಹಾಕಿದರೆ ಒಂದೇ ಸಲಕ್ಕೆ ಹಾಕಿಕೊಡುತ್ತದೆ, ಜೊತೆಗೆ ಬೇಡದ್ದನ್ನು ತುರುಕುವುದಿಲ್ಲ. ಬೇರೆ ಕಡೆಯಿಂದ ಇಳಿಸಿದ್ದರ ಮೇಲೆ ಅನುಮಾನ ಬಂದರೆ ತೆರೆಯುವ ಮುಂಚೆ ವೈರಸ್‌ಟೋಟಲ್ ಸೈಟಿಗೆ ಹಾಕಿ, ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷೆ ಮಾಡುತ್ತವೆ. ಅಲ್ಲಿಗೆ ಸ್ವಂತ ಕಾಗದಪತ್ರ ಮಾತ್ರ ಹಾಕಬೇಡಿ. ಹಾಕಿದ ಫೈಲ್ ಭದ್ರತಾ ಕಂಪನಿಗಳಿಗೂ ಸಿಗುತ್ತದೆ.

ಈಗ ಒಂದು ಕೆಲಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಅನ್ನುವುದನ್ನು ತೆರೆಯಿರಿ, ಕಂಪ್ಯೂಟರ್ ಆನ್ ಆದಾಗ ತಾನಾಗೇ ಶುರುವಾಗುವುದೆಲ್ಲಾ ಅಲ್ಲಿರುತ್ತದೆ. ಆಗ ಹೇಳಿದ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ನಾನು ನೋಡಿ ಹೇಳುವ ತನಕ ಏನನ್ನೂ ತೆಗೆಯಬೇಡಿ, ಬ್ಯಾಂಕಿನ ಸೈಟಿಗೂ ಆ ಲ್ಯಾಪ್‌ಟಾಪಿಂದ ಲಾಗಿನ್ ಆಗಬೇಡಿ. ರಾತ್ರಿ ಕೂತು ಒಟ್ಟಿಗೆ ನೋಡೋಣ.