ಎಡ ಕಣಕಾಲಿನ ನೋವು: ದೋಷ ಹೊಸ ಬೂಟಿನದೋ, ಓಡುವ ರಸ್ತೆಯದೋ?

ಪ್ರಶ್ನೆ: ಗುಮ್ಮಟದ ಓಟಗಾರ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ವಯಸ್ಸು ನಲವತ್ತರ ಸಮೀಪ, ದಿನವಿಡೀ ಕುಳಿತು ಮಾಡುವ ಬ್ಯಾಂಕಿನ ಕೆಲಸ. ಹತ್ತು ಕಿಲೋಮೀಟರ್ ಓಟಗಳಲ್ಲಿ ಪಾಲ್ಗೊಂಡು ರೂಢಿಯಿದೆ. ಮುಂದಿನ ವೃಕ್ಷಥಾನ್ ಹೆರಿಟೇಜ್ ರನ್‌ನಲ್ಲಿ 21.1 ಕಿ.ಮೀ. ಓಡಬೇಕೆಂದು ತಯಾರಿ ಆರಂಭಿಸಿದ್ದು, ವಾರಕ್ಕೆ 20 ಕಿ.ಮೀ. ಆಸುಪಾಸಿನಲ್ಲಿದ್ದ ನನ್ನ ಓಟ ಸುಮಾರು ಒಂದು ತಿಂಗಳೊಳಗೆ 35 ಕಿ.ಮೀ. ದಾಟಿದೆ. ಇದೇ ಅವಧಿಯಲ್ಲಿ ಹಳೆಯ ಬೂಟನ್ನು ಬದಿಗಿಟ್ಟು ಹೊಸದನ್ನು ಕೊಂಡೆ. ಹಳೆಯದರಲ್ಲಿ ಹಿಮ್ಮಡಿಯ ಭಾಗ ಮುಂಪಾದಕ್ಕಿಂತ 10 ಮಿ.ಮೀ. ಎತ್ತರವಿತ್ತು, ಹೊಸದರಲ್ಲಿ ಈ ವ್ಯತ್ಯಾಸ 4 ಮಿ.ಮೀ. ಮಾತ್ರ ಎಂದು ಪೆಟ್ಟಿಗೆಯಲ್ಲಿದ್ದ ಚೀಟಿ ಹೇಳುತ್ತದೆ.

ಈಗ ಎಡಗಾಲಿನ ಕಣಕಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನಿಂದ ಸ್ವಲ್ಪ ಮೇಲೆ, ಎಲುಬಿನ ಅಂಚಿನ ಉದ್ದಕ್ಕೂ ನೋವು ಕಾಣಿಸಿಕೊಂಡಿದೆ. ಓಟದ ಆರಂಭದಲ್ಲಿ ಚುಚ್ಚಿದಂತಾಗಿ, ಮೈ ಬಿಸಿಯಾದ ಮೇಲೆ ಬಹುತೇಕ ಮರೆತೇ ಹೋಗುತ್ತದೆ. ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ಮರಳಿ ಬರುತ್ತದೆ. ಬಲಗಾಲಿಗೆ ಯಾವ ತೊಂದರೆಯೂ ಇಲ್ಲ. ಮನೆಯ ಹಿರಿಯರು ಬಿಸಿ ಉಪ್ಪಿನ ಶಾಖ ಕೊಟ್ಟು ಓಟವನ್ನೇ ಬಿಟ್ಟುಬಿಡು ಎನ್ನುತ್ತಾರೆ. ಜೊತೆಗೆ ಓಡುವ ಗೆಳೆಯರು ಎಲ್ಲ ದೋಷವನ್ನೂ ಬೂಟಿನ ಮೇಲೆ ಹಾಕಿ, ಹಳೆಯದಕ್ಕೇ ಮರಳಬೇಕೆಂದು ಹೇಳುತ್ತಾರೆ. ಬೂಟು ಮಾರಿದವರು ಮಾತ್ರ ಕಾಲು ಹೊಂದಿಕೊಳ್ಳಲು ಸಮಯ ಬೇಕೆನ್ನುತ್ತಾರೆ. ಇವರಲ್ಲಿ ಯಾರ ಮಾತನ್ನು ನಂಬಬೇಕು? ಓಟವನ್ನು ಪೂರ್ತಿ ನಿಲ್ಲಿಸಬೇಕೇ? ಇದರೊಂದಿಗೆ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ: ಕ್ರೀಡಾಂಗಣದ ಹಳಬ, ವಿಜಯಪುರ

ಬೂಟಿನ ವಿಚಾರಕ್ಕೆ ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ. ನೀವು ಯಾವ ರಸ್ತೆಯಲ್ಲಿ, ಅದರ ಯಾವ ಅಂಚಿನಲ್ಲಿ ಓಡುತ್ತೀರಿ? ಮಳೆನೀರು ನಿಲ್ಲದಿರಲೆಂದು ಡಾಂಬರು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ನಡೆಯುವಾಗ ಗಮನಕ್ಕೆ ಬಾರದ ಈ ವಾಟ, ದಿನವೂ ಒಂದೇ ಅಂಚು ಹಿಡಿದು ಓಡುವವನ ಎರಡು ಕಾಲುಗಳಿಗೆ ಎರಡು ಬಗೆಯ ನೆಲವನ್ನು ಕೊಡುತ್ತದೆ. ಒಂದೇ ಕಾಲಿಗೆ ನೋವು ಬಂದಿದೆ ಎಂದಾಗ ನನಗೆ ಮೊದಲು ನೆನಪಾಗುವುದು ಇದು.

ಗುಮ್ಮಟದ ಓಟಗಾರ

ಸರ್, ಸೊಲ್ಲಾಪುರ ರಸ್ತೆಯಲ್ಲಿ ಓಡುತ್ತೇನೆ. ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣಲೆಂದು ಹೋಗುವಾಗಲೂ ಬರುವಾಗಲೂ ನನ್ನ ಬಲಭಾಗದ ಅಂಚನ್ನೇ ಹಿಡಿಯುತ್ತೇನೆ.

ಉತ್ತರ: ನವನಗರದ ಫಿಸಿಯೋ, ಬಾಗಲಕೋಟೆ

ನಾನು ಬಾಗಲಕೋಟೆಯ ನವನಗರದಲ್ಲಿ ಫಿಸಿಯೋಥೆರಪಿ ವೃತ್ತಿಯಲ್ಲಿರುವವಳು. ಪರೀಕ್ಷಿಸದೆ ರೋಗನಿರ್ಣಯ ಮಾಡಲು ಬರುವುದಿಲ್ಲವಾದರೂ, ನೀವು ಕೊಟ್ಟ ವಿವರಣೆ ಓಟಗಾರರು ಶಿನ್ ಸ್ಪ್ಲಿಂಟ್ಸ್ ಎಂದು ಕರೆಯುವ ತೊಂದರೆಗೆ ಬಹಳ ಹತ್ತಿರವಾಗಿದೆ. ಆದರೆ ಅದೇ ಜಾಗದಲ್ಲಿ ಎಲುಬಿನ ಸೂಕ್ಷ್ಮ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಕೂಡ ಆಗಬಹುದು. ಬೂಟು, ರಸ್ತೆ, ಶಾಖ ಇವೆಲ್ಲವನ್ನೂ ಬದಿಗಿಟ್ಟು ಮೊದಲು ತೀರ್ಮಾನಿಸಬೇಕಾದದ್ದು ಇವೆರಡರಲ್ಲಿ ನಿಮ್ಮದು ಯಾವುದು ಎಂಬುದನ್ನೇ. ಏಕೆಂದರೆ ಮೊದಲನೆಯದರಲ್ಲಿ ಓಟವನ್ನು ತಗ್ಗಿಸಿ ನಿಭಾಯಿಸಬಹುದು, ಎರಡನೆಯದರಲ್ಲಿ ಓಟವನ್ನು ಸಂಪೂರ್ಣ ನಿಲ್ಲಿಸದೆ ಬೇರೆ ದಾರಿಯಿಲ್ಲ.

ಕುರ್ಚಿಯಲ್ಲಿ ಕುಳಿತು, ಎಡಗಾಲನ್ನು ಬಲತೊಡೆಯ ಮೇಲಿಟ್ಟುಕೊಂಡು, ಕಣಕಾಲಿನ ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನೋವು ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉದ್ದಕ್ಕೆ ಹರಡಿಕೊಂಡಿದ್ದರೆ ಅದು ಶಿನ್ ಸ್ಪ್ಲಿಂಟ್ಸ್‌ನ ಲಕ್ಷಣ. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಒತ್ತಿದಾಗ ಜೀವ ಹೋದಂತಾಗುವುದು, ಓಡಿದಷ್ಟೂ ನೋವು ಕಡಿಮೆಯಾಗುವ ಬದಲು ಏರುತ್ತಾ ಹೋಗುವುದು, ಸಾಮಾನ್ಯ ನಡಿಗೆಯಲ್ಲಿಯೂ ರಾತ್ರಿ ಮಲಗಿದಾಗಲೂ ಕಾಡುವುದು, ಒಂಟಿಕಾಲಿನಲ್ಲಿ ಕುಪ್ಪಳಿಸಲು ಆಗದಿರುವುದು: ಇವುಗಳಲ್ಲಿ ಯಾವುದಾದರೂ ಇದ್ದರೆ ಓಟವನ್ನು ಅಂದೇ ನಿಲ್ಲಿಸಿ ಎಲುಬು-ಕೀಲು ತಜ್ಞರನ್ನು ಕಾಣಬೇಕು. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಇಂತಹ ಬಿರುಕು ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಸಾಮಾನ್ಯ. ಎಕ್ಸ್‌ರೇ ಚೆನ್ನಾಗಿದೆ ಎಂಬ ಒಂದೇ ಆಧಾರದ ಮೇಲೆ ಮರುದಿನವೇ ಬೂಟು ಕಟ್ಟುವವರನ್ನು ನಾನು ಬಹಳ ನೋಡಿದ್ದೇನೆ. ವೈದ್ಯರಿಗೆ ಸಂಶಯ ಉಳಿದರೆ ಎಂ.ಆರ್.ಐ. ಮಾಡಿಸಲು ಹೇಳುತ್ತಾರೆ.

ಇನ್ನು ಕಾರಣದ ವಿಚಾರ. ಓಟದ ಪ್ರಮಾಣ ಹೆಚ್ಚಿದಾಗ ಉಸಿರು ಮತ್ತು ಹೃದಯ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಎಲುಬು ಹಾಗಲ್ಲ. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆನಂತರ ಆ ಜಾಗದಲ್ಲಿ ಹೊಸದನ್ನು ತುಂಬಿಕೊಳ್ಳುತ್ತದೆ. ಈ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಉಸಿರು ಸರಾಗವಾಗಿದೆ ಎಂದು ನಾವು ದೂರವನ್ನು ಏರಿಸುತ್ತಾ ಹೋಗುವುದು, ಕ್ಯೂರಿಂಗ್ ಮುಗಿಯದ ಸ್ಲ್ಯಾಬಿನ ಮೇಲೆ ಇನ್ನೊಂದು ಅಂತಸ್ತು ಏರಿಸಿದಂತೆ. 20ರಿಂದ 35 ಕಿ.ಮೀ.ಗೆ ಏರಿದ್ದೇ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ. ವಾರಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚು ಏರಿಸಬಾರದೆಂಬ ಸೂತ್ರವನ್ನು ನೀವೂ ಕೇಳಿರುತ್ತೀರಿ. ಅದು ಶಾಸನವೇನಲ್ಲ. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಸೂತ್ರದಂತೆ ನಿಧಾನವಾಗಿ ಏರಿಸಿದ ಗುಂಪಿಗೂ ಬೇಗನೆ ಏರಿಸಿದ ಗುಂಪಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡರಲ್ಲೂ ಐವರಲ್ಲಿ ಒಬ್ಬರು ಗಾಯಗೊಂಡರು. ಆದ್ದರಿಂದ ಸೂತ್ರದ ಲೆಕ್ಕಕ್ಕಿಂತ ನಿಮ್ಮ ಕಣಕಾಲು ಮರುದಿನ ಬೆಳಿಗ್ಗೆ ಏನು ಹೇಳುತ್ತದೆ ಎಂಬುದನ್ನು ಹೆಚ್ಚು ನಂಬಿ.

ಬೂಟು ನಿರಪರಾಧಿಯೆಂದೂ ನಾನು ಹೇಳಲಾರೆ. ಹಿಮ್ಮಡಿಯ ಎತ್ತರ ತಗ್ಗಿದಾಗ ಮೀನಖಂಡ ಮತ್ತು ಅದರ ಸ್ನಾಯುರಜ್ಜಿನ ಮೇಲೆ ಬೀಳುವ ಕೆಲಸ ಹೆಚ್ಚುತ್ತದೆ. ಮೀನಖಂಡದ ಒಳಪದರದ ಸ್ನಾಯು ಅಂಟಿಕೊಂಡಿರುವುದು ಇದೇ ಎಲುಬಿಗೆ. ಹಳಬರು ಹೇಳಿದ ರಸ್ತೆಯ ವಾಟವನ್ನೂ ಇದಕ್ಕೆ ಸೇರಿಸಿಕೊಳ್ಳಿ. ಬಲ ಅಂಚಿನಲ್ಲಿ ಓಡುವವರಿಗೆ ಎಡಪಾದ ಸದಾ ಎತ್ತರದ ಕಡೆಗಿರುತ್ತದೆ, ಎತ್ತರದ ಕಡೆಯ ಪಾದ ಪ್ರತಿ ಹೆಜ್ಜೆಗೂ ಒಳಕ್ಕೆ ಹೆಚ್ಚು ವಾಲುತ್ತದೆ, ಆ ವಾಲಿಕೆಯನ್ನು ತಡೆಯುವ ಸ್ನಾಯುಗಳು ಕಣಕಾಲಿನ ಒಳಮಗ್ಗುಲಲ್ಲಿವೆ. ನೋವು ಎಡಗಾಲಿಗೇ ಏಕೆ ಬಂತು ಎಂಬುದಕ್ಕೆ ಇದು ಸಮಂಜಸವಾದ ವಿವರಣೆ.

ಬೆರಳ ತುದಿಯಷ್ಟು ಜಾಗದ ನೋವು ಇಲ್ಲವೆಂದಾದರೆ ಒಂದೆರಡು ವಾರ ಓಟದ ಬದಲು ಸೈಕಲ್ ತುಳಿಯಿರಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು 15ರಂತೆ ಮೂರು ಸಲ, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ತುಸು ಬಗ್ಗಿಸಿ ಇನ್ನೊಮ್ಮೆ ಮಾಡಿ. ಬಗ್ಗಿಸಿದಾಗಲೇ ಆ ಒಳಪದರಕ್ಕೆ ಹೆಚ್ಚು ಕೆಲಸ ಸಿಗುವುದು. ಅರ್ಧ ಗಂಟೆ ಬಿರುಸಾಗಿ ನಡೆದರೂ ಅಂದು ಮತ್ತು ಮರುದಿನ ನೋವಿಲ್ಲವೆಂದಾಗ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆಯಿಂದ ಆರಂಭಿಸಿ, ದಿನ ಬಿಟ್ಟು ದಿನ ಮಾಡಿ. ಶಾಖ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಆರಾಮ ಕೊಡುತ್ತದೆ, ಎಲುಬನ್ನು ಕಟ್ಟುವುದಿಲ್ಲ.

ಉತ್ತರ: ಹೊಳೆಸಾಲಿನವ, ಜಮಖಂಡಿ

ನೋವು ನಿವಾರಕ ಮಾತ್ರೆಯೊಂದನ್ನು ಓಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಇಷ್ಟೆಲ್ಲ ಚಿಂತೆಯಿಲ್ಲ. ನಮ್ಮ ಗುಂಪಿನಲ್ಲಿ ಹಲವರು ಹೀಗೆ ಮಾಡಿಯೇ ಅರ್ಧ ಮ್ಯಾರಥಾನ್ ಮುಗಿಸಿದ್ದಾರೆ.

ನವನಗರದ ಫಿಸಿಯೋ, ಬಾಗಲಕೋಟೆ

ದಯವಿಟ್ಟು ಹಾಗೆ ಮಾಡಬೇಡಿ, ಸಲಹೆಯನ್ನೂ ಕೊಡಬೇಡಿ. ಓಟವನ್ನು ಯಾವಾಗ ನಿಲ್ಲಿಸಬೇಕೆಂದು ತಿಳಿಸುವ ಏಕೈಕ ಸೂಚನೆಯನ್ನೇ ಮಾತ್ರೆ ಅಳಿಸಿಹಾಕುತ್ತದೆ. ಅದಕ್ಕಿಂತ ಮಿಗಿಲಾಗಿ, ನಮ್ಮ ಕಡೆಯ ಬಿಸಿಲಿನಲ್ಲಿ ಬೆವತು ಮೈಯ ನೀರು ಕಡಿಮೆಯಾದಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು.

ಉತ್ತರ: ಟಿಳಕವಾಡಿಯ ಓಟಗಾರ, ಬೆಳಗಾವಿ

ಕಾಲಿನ ವಿಚಾರವನ್ನು ಮೇಡಂ ವಿವರವಾಗಿ ಹೇಳಿದ್ದಾರೆ. ನಾನು ಬೂಟು ಮತ್ತು ಉಗುರಿಗೆ ಸೀಮಿತವಾಗಿ ಬರೆಯುತ್ತೇನೆ.

ಹಳೆಯ ಬೂಟಿಗೆ ಮರಳುವ ಮೊದಲು ಅದು ಎಷ್ಟು ಓಡಿದೆ ಎಂದು ಲೆಕ್ಕ ಹಾಕಿ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಒಳಗೆ ಬೂಟಿನ ನಡುವಿನ ಮೆತ್ತನೆಯ ಪದರ ತನ್ನ ಪುಟಿತವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ತಳದ ರಬ್ಬರ್ ಸವೆದಿಲ್ಲ ಎಂಬುದು ಇದಕ್ಕೆ ಅಳತೆಯಲ್ಲ. ಎರಡನ್ನೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಹಳೆಯದು ಒಂದು ಬದಿಗೆ ವಾಲಿದ್ದರೆ ಅದನ್ನು ಹೊಲಕ್ಕೆ ಹೋಗಲು ಬಳಸಿಕೊಳ್ಳಿ. ಇನ್ನೂ ಗಟ್ಟಿಯಾಗಿದ್ದರೆ, ಓಟ ಮತ್ತೆ ಆರಂಭವಾದಾಗ ಉದ್ದನೆಯ ಓಟಕ್ಕೆ ಹಳೆಯದನ್ನೂ ವಾರಕ್ಕೊಮ್ಮೆಯ ಚಿಕ್ಕ ಓಟಕ್ಕೆ ಹೊಸದನ್ನೂ ಹಾಕಿಕೊಂಡು, ಹೊಸದರ ಪಾಲನ್ನು ಕ್ರಮೇಣ ಹೆಚ್ಚಿಸಿ. ಎರಡು ಜೊತೆ ಬೂಟುಗಳನ್ನು ಅದಲು ಬದಲು ಮಾಡುವುದು ಶ್ರೀಮಂತರ ಶೋಕಿ ಎಂದೇ ನಾನೂ ತಿಳಿದಿದ್ದೆ. ಲಕ್ಸೆಂಬರ್ಗ್‌ನ ಹವ್ಯಾಸಿ ಓಟಗಾರರ ಅಧ್ಯಯನವೊಂದು 2015ರಲ್ಲಿ ಪ್ರಕಟವಾಗಿದ್ದು, ಒಂದಕ್ಕಿಂತ ಹೆಚ್ಚು ಜೊತೆ ಬಳಸುವವರಲ್ಲಿ ಗಾಯಗಳು ಕಡಿಮೆ ಇದ್ದುದನ್ನು ಅದು ತೋರಿಸಿತು. ಬೆಳಗಾವಿಯಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಜೊತೆ ಇಲ್ಲದಿದ್ದರೆ ಓಟವೇ ಇಲ್ಲ. ಇಂದು ನೆನೆದ ಬೂಟು ನಾಳೆಗೆ ಒಣಗುವುದಿಲ್ಲ, ಒಲೆಯ ಬಳಿ ಇಟ್ಟರೆ ಅಂಟು ಬಿಡುತ್ತದೆ, ಒಳಗೆ ಪತ್ರಿಕೆಯ ಹಾಳೆ ತುರುಕಿ ಫ್ಯಾನ್ ಕೆಳಗೆ ಇಡುವುದೊಂದೇ ಉಪಾಯ.

ಕಪ್ಪಾದ ಉಗುರು ಬೇರೆಯೇ ತೊಂದರೆ. ಕಾಲು ಬೂಟಿನೊಳಗೆ ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿದು, ಉಗುರಿನ ಕೆಳಗೆ ರಕ್ತ ಕಟ್ಟಿದಾಗ ಹಾಗಾಗುತ್ತದೆ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ದಿನವಿಡೀ ಕುಳಿತರೂ ಓಡಿದರೂ ಪಾದ ಊದುವುದರಿಂದ ಬೂಟನ್ನು ಸಂಜೆ ಹೊತ್ತು, ಓಟದ ಕಾಲುಚೀಲ ಹಾಕಿಕೊಂಡೇ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಅಂಕಿ ಯುಕೆ ಅಳತೆಯದೋ ಯುಎಸ್ ಅಳತೆಯದೋ ನೋಡಿ. ಗಂಡಸರ ಬೂಟುಗಳಲ್ಲಿ ಯುಎಸ್ ಅಂಕಿ ಸಾಮಾನ್ಯವಾಗಿ ಒಂದು ಹೆಚ್ಚಿರುತ್ತದೆ, ಅದನ್ನು ಗಮನಿಸದೆ ಒಂದು ಅಳತೆ ಚಿಕ್ಕದನ್ನು ತರಿಸಿಕೊಳ್ಳುವವರು ಬಹಳ. ಅಳತೆ ಸರಿಯಿದ್ದೂ ಜಾರುತ್ತಿದ್ದರೆ, ಪಾದದ ಗಂಟಿನ ಹತ್ತಿರ ಬಹುತೇಕ ಬೂಟುಗಳಲ್ಲಿ ಖಾಲಿ ಉಳಿಯುವ ಕೊನೆಯ ರಂಧ್ರದಲ್ಲಿ ಲೇಸನ್ನು ಅದೇ ಬದಿಯಲ್ಲಿ ತೂರಿಸಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ಹಾಯಿಸಿ ಬಿಗಿದು ಕಟ್ಟಿ. ಹಿಮ್ಮಡಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಟ್ಟು ಬೊಬ್ಬೆ ಏಳಿಸುತ್ತದೆ, ಅದನ್ನು ಕಚೇರಿಗೆ ಇಟ್ಟುಕೊಳ್ಳಿ. ಉಗುರನ್ನು ಕೀಳಲು ಹೋಗಬೇಡಿ. ಹೊಸದು ಬೆಳೆದಂತೆ ತಾನಾಗಿಯೇ ಮುಂದೆ ಸರಿಯುತ್ತದೆ. ಕಾಯಿಸಿದ ಸೂಜಿಯಿಂದ ಮನೆಯಲ್ಲಿ ತೂತು ಮಾಡುವ ಸಾಹಸವೂ ಬೇಡ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಖಂಡಿತ ಬೇಡ.

ಗುಮ್ಮಟದ ಓಟಗಾರ

ಎಲ್ಲರಿಗೂ ಧನ್ಯವಾದಗಳು. ಮೇಡಂ ಹೇಳಿದಂತೆ ಒತ್ತಿ ನೋಡಿದೆ. ನೋವು ನಾಲ್ಕು ಬೆರಳಿನ ಅಗಲಕ್ಕಿಂತ ಹೆಚ್ಚು ಉದ್ದಕ್ಕೆ ಹರಡಿದೆ, ಒಂದೇ ಬಿಂದುವಿನಲ್ಲಿ ಇಲ್ಲ. ಒಂಟಿಕಾಲಿನಲ್ಲಿ ಕುಪ್ಪಳಿಸಲು ಬರುತ್ತದೆ, ರಾತ್ರಿ ನೋವಿಲ್ಲ. ಆದರೂ ಈ ವಾರ ಒಮ್ಮೆ ವೈದ್ಯರಿಗೆ ತೋರಿಸುತ್ತೇನೆ. ಬೂಟಿನ ಮೇಲಿರುವುದು ಯುಎಸ್ ಅಂಕಿಯೇ! ರಸ್ತೆಯ ವಿಚಾರ ಮಾತ್ರ ಇನ್ನೂ ಬಗೆಹರಿದಿಲ್ಲ. ವಾಟ ಸರಿದೂಗಿಸಲು ಅರ್ಧ ದೂರವನ್ನು ಎಡ ಅಂಚಿನಲ್ಲಿ ಓಡಬಹುದೇ?

ಕ್ರೀಡಾಂಗಣದ ಹಳಬ, ವಿಜಯಪುರ

ಹೆದ್ದಾರಿಯಲ್ಲಿ ವಾಹನಗಳಿಗೆ ಬೆನ್ನು ಕೊಟ್ಟು, ಅದೂ ಬೆಳಕು ಹರಿಯುವ ಮೊದಲು ಓಡುವುದು ಬೇಡವೇ ಬೇಡ. ಕಣಕಾಲಿನ ನೋವು ವಾಸಿಯಾಗುತ್ತದೆ, ಕಬ್ಬಿನ ಲಾರಿಯ ಪೆಟ್ಟು ವಾಸಿಯಾಗುವುದಿಲ್ಲ. ಜಾಗವನ್ನೇ ಬದಲಿಸಿ. ಭೂತನಾಳ ಕೆರೆಯ ಕಡೆಯ ಮಣ್ಣಿನ ದಾರಿ ಚೆನ್ನಾಗಿದೆ ಎಂದು ಹಲವರು ಹೇಳುತ್ತಾರೆ. ಆದರೆ ಎರೆಮಣ್ಣಿನ ದಾರಿ ಎಲ್ಲ ಕಾಲಕ್ಕೂ ಮೆತ್ತಗಿರುತ್ತದೆ ಎಂದು ತಿಳಿಯಬೇಡಿ. ಮಳೆಯಾದ ಮರುದಿನ ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಷ್ಟು ಗಟ್ಟಿಯಾಗಿ ಕಾಲು ಉಳುಕಿಸುತ್ತದೆ. ಮಳೆ ನಿಂತು ನೆಲ ಆರಿದ ಮೇಲಿನ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಅದನ್ನು ನಂಬಬಹುದು.

ಓಟ-ನಡಿಗೆಯ ದಿನಗಳಿಗೆ ಅಂಬೇಡ್ಕರ್ ಕ್ರೀಡಾಂಗಣವೇ ಸಾಕು. ನೆಲ ಸಮತಟ್ಟು, ನೋವು ಬಂದರೆ ಅಲ್ಲಿಯೇ ನಿಲ್ಲಬಹುದು, ಮನೆಗೆ ಕುಂಟುತ್ತಾ ನಡೆಯಬೇಕಾಗಿಲ್ಲ. ತಿರುವುಗಳಲ್ಲಿ ಒಂದೇ ಕಾಲಿಗೆ ಭಾರ ಬೀಳದಿರಲು ಅರ್ಧ ಸಮಯ ಎಡಸುತ್ತು, ಅರ್ಧ ಸಮಯ ಬಲಸುತ್ತು ಓಡಿ. ಮುಂಜಾನೆ ನಡೆಯಲು ಬರುವ ಹಿರಿಯರೆಲ್ಲ ಒಂದೇ ದಿಕ್ಕಿನಲ್ಲಿ ಸಾಲಾಗಿ ಹರಟುತ್ತಾ ಬರುವುದರಿಂದ, ಎದುರು ದಿಕ್ಕಿನ ಸುತ್ತುಗಳನ್ನು ಎಲ್ಲಕ್ಕಿಂತ ಹೊರಗಿನ ಸಾಲಿನಲ್ಲಿ, ಸಾಧ್ಯವಾದರೆ ಅವರು ಸೇರುವ ಮೊದಲೇ ಮುಗಿಸಿಕೊಳ್ಳಿ.